ಕೊಂಡ ಎಂಜಿನ್ನಿಗೆ ಯಾವ ಸೀಲು ಬದಲಿಸಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಲಾರಿಯ ಎಂಜಿನ್ ರಿಪೇರಿಗೆ ಬಾರದಷ್ಟು ಕೆಟ್ಟುಹೋದ ಕಾರಣ, ಅದೇ ಮಾದರಿಯ ಬೇರೊಂದು ಲಾರಿಯಿಂದ ಇಳಿಸಿದ ಆರು ಸಿಲಿಂಡರಿನ ಡೀಸೆಲ್ ಎಂಜಿನ್ ಒಂದನ್ನು ಕೊಂಡಿದ್ದೇನೆ. ಅದೀಗ ಸ್ಟ್ಯಾಂಡಿನ ಮೇಲಿದೆ. ಎಷ್ಟು ಕಾಲ ಓಡದೆ ನಿಂತಿತ್ತು ಎಂಬುದು ತಿಳಿಯದು. ಹೊರನೋಟಕ್ಕೆ ಸೋರಿಕೆ ಹೆಚ್ಚಿಲ್ಲ. ಫ್ಲೈವೀಲಿನ (ಎಂಜಿನ್ನಿನ ಹಿಂತುದಿಯ ಭಾರದ ಚಕ್ರದ) ಹಿಂಬದಿಯಲ್ಲಿ ಮಾತ್ರ ಸ್ವಲ್ಪ ಎಣ್ಣೆಯ ಪಸೆ ಕಾಣುತ್ತದೆ. ಒಬ್ಬ ಮೆಕ್ಯಾನಿಕ್ ‘ಸೋರದ ಸೀಲನ್ನು ಮುಟ್ಟಲೇಬೇಡಿ’ ಎನ್ನುತ್ತಾರೆ. ಇನ್ನೊಬ್ಬರು ‘ಪೂರ್ತಿ ಗ್ಯಾಸ್ಕೆಟ್ ಕಿಟ್ ತರಿಸಿ, ಹೆಡ್ಡನ್ನೂ ಬಿಚ್ಚಿ ಎಲ್ಲವನ್ನೂ ಹೊಸದು ಹಾಕಿ’ ಎನ್ನುತ್ತಾರೆ. ನಾನು ಯಾರ ಮಾತು ಕೇಳಲಿ?

ಉತ್ತರ: ಇಬ್ಬರೂ ಸೀಲಿನ, ಅಂದರೆ ಎಣ್ಣೆ ಸೋರದಂತೆ ಶಾಫ್ಟನ್ನು ಸುತ್ತಿ ಹಿಡಿಯುವ ಬಳೆಯ, ಸ್ಥಿತಿಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಅದು ಕುಳಿತಿರುವ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ತೀರ್ಮಾನ ಸುಲಭವಾಗುತ್ತದೆ. ಎಂಜಿನ್ ಲಾರಿಗೆ ಏರಿದ ಮೇಲೆ ಗೇರ್ ಬಾಕ್ಸ್ ಇಳಿಸದೆ ಕೈಗೆ ಸಿಗದ ಸೀಲುಗಳನ್ನು, ಅವು ಒಣಗಿದ್ದರೂ ಸರಿ, ಒದ್ದೆಯಾಗಿದ್ದರೂ ಸರಿ, ಈಗಲೇ ಬದಲಿಸಿಬಿಡಿ. ಕ್ಯಾಬಿನ್ ಬಾಗಿಸಿ ನಾಲ್ಕು ಬೋಲ್ಟು ಬಿಚ್ಚಿದರೆ ಸಿಗುವಂಥವನ್ನು ಲಕ್ಷಣ ನೋಡಿ ನಿರ್ಧರಿಸಿ. ಹೆಡ್ ಗ್ಯಾಸ್ಕೆಟ್ಟನ್ನು ಮಾತ್ರ ತಕ್ಕ ಕಾರಣವಿಲ್ಲದೆ ಬಿಚ್ಚಬೇಡಿ.

ಎಂಜಿನ್ನನ್ನು ತೊಳೆಯುವ ಆತುರ ಬೇಡ. ಕೊಳೆ ಹಿಡಿದ ಎಂಜಿನ್ ತನ್ನ ಸೋರಿಕೆಯ ಚರಿತ್ರೆಯನ್ನು ಮೈಮೇಲೇ ಬರೆದುಕೊಂಡಿರುತ್ತದೆ; ತೊಳೆದುಬಿಟ್ಟರೆ ಆ ಸಾಕ್ಷ್ಯ ಹೋಯಿತು. ಎಣ್ಣೆ ಸದಾ ಮೇಲಿನಿಂದ ಕೆಳಕ್ಕೆ, ಓಡುವ ವಾಹನದಲ್ಲಿ ಗಾಳಿಯ ಒತ್ತಿಗೆ ಮುಂದಿನಿಂದ ಹಿಂದಕ್ಕೆ ಹರಿಯುವುದರಿಂದ, ಒದ್ದೆ ಕಂಡ ಜಾಗವೇ ಸೋರಿಕೆಯ ಮೂಲವೆಂದು ನಂಬಬಾರದು. ಒದ್ದೆಯ ಅತಿ ಎತ್ತರದ ತುದಿಯನ್ನು ಹುಡುಕಬೇಕು. ನೀವು ಹೇಳುವ ಪಸೆಯ ವಿಷಯದಲ್ಲಿ ಫ್ಲೈವೀಲನ್ನು ಬಿಚ್ಚಿ, ಎಂಜಿನ್ನಿನ ಕಡೆಗಿದ್ದ ಅದರ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ನಡುವಿನಿಂದ ಅಂಚಿನತ್ತ ಚಿಮ್ಮಿದಂತೆ ಗೆರೆಗೆರೆಯಾಗಿ ಎಣ್ಣೆ ಹರಡಿದ್ದರೆ ಅದು ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟಿನ) ಹಿಂದಿನ ಸೀಲಿನಿಂದ ಇಲ್ಲವೇ ಫ್ಲೈವೀಲ್ ಬೋಲ್ಟುಗಳ ಎಳೆಗಳಿಂದ ಬಂದದ್ದು. ಆ ಮುಖ ಒಣಗಿದ್ದು ಬ್ಲಾಕಿನ ಹಿಂಗೋಡೆ ಮಾತ್ರ ಮೇಲಿನಿಂದ ಒದ್ದೆಯಾಗಿದ್ದರೆ ಟ್ಯಾಪೆಟ್ ಕವರನ್ನೋ, ಕ್ಯಾಮ್ ಶಾಫ್ಟಿನ ಹಿಂದಿನ ಮುಚ್ಚಳವನ್ನೋ, ಆಯಿಲ್ ಗ್ಯಾಲರಿಯ ಪ್ಲಗ್ಗನ್ನೋ ಸಂಶಯಿಸಬೇಕು. ಕ್ಲಚ್ಚಿನ ಕಡೆಯ ಮುಖ, ಅದರಲ್ಲೂ ನಡುಭಾಗ ಒದ್ದೆಯಾಗಿದ್ದರೆ ಅದು ಹಳೆಯ ಲಾರಿಯ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲಿನ ಕೆಲಸವಾಗಿರಬಹುದು. ಗಂಧಕದ ಘಾಟು ಬಂದರೆ ಅದು ಗೇರ್ ಎಣ್ಣೆ ಎಂಬುದು ಬಹುಮಟ್ಟಿಗೆ ಖಚಿತ.

ಹಿಂದಿನ ಸೀಲನ್ನು ಬದಲಿಸುವ ಮುನ್ನ ಕ್ರ್ಯಾಂಕ್ ಶಾಫ್ಟಿನ ಆಟವನ್ನು ಅಳೆಯಿರಿ. ಡಯಲ್ ಗೇಜಿನ ಮೊನೆಯನ್ನು ಶಾಫ್ಟಿನ ತುದಿಗೆ ತಾಗಿಸಿ, ಶಾಫ್ಟನ್ನು ಮುಂದಕ್ಕೂ ಹಿಂದಕ್ಕೂ ಮೀಟಿದಾಗ ಅನೇಕ ಎಂಜಿನ್ನುಗಳಲ್ಲಿ ಸುಮಾರು 0.1ರಿಂದ 0.4 ಮಿ.ಮೀ. ಒಳಗಿನ ಚಲನೆ ಕಾಣುತ್ತದೆ. ನಿಮ್ಮ ಎಂಜಿನ್ನಿನ ಸರಿಯಾದ ಮಿತಿ ತಯಾರಕರ ಕೈಪಿಡಿಯಲ್ಲಿರುತ್ತದೆ. ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಶಾಫ್ಟನ್ನು ಮೇಲಕ್ಕೆತ್ತಿದಾಗ ಆಟ ಕೈಗೇ ತಿಳಿಯುವಂತಿದ್ದರೆ, ಸವೆದಿರುವುದು ಬೇರಿಂಗು. ಅಂಥ ಎಂಜಿನ್ನಿಗೆ ಎಷ್ಟು ಒಳ್ಳೆಯ ಸೀಲು ಹಾಕಿದರೂ ಶಾಫ್ಟು ಅದರ ತುಟಿಯನ್ನು (ಶಾಫ್ಟಿಗೆ ತಾಗುವ ಒಳ ಅಂಚನ್ನು) ಸುತ್ತಲೂ ಬಡಿದು ಮತ್ತೆ ಸೋರುವಂತೆ ಮಾಡುತ್ತದೆ. ಈ ಪರೀಕ್ಷೆಯಲ್ಲಿ ಎಂಜಿನ್ ಸೋತರೆ ಸೀಲಿನ ಮಾತು ಅಲ್ಲಿಗೇ ನಿಲ್ಲಿಸಿ, ಮಾರಿದವರೊಂದಿಗೆ ಮಾತಾಡುವುದು ಮೇಲು.

ಹಳೆಯ ಸೀಲನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯುವ ಅಭ್ಯಾಸ ನಮ್ಮ ಅನೇಕ ಮೆಕ್ಯಾನಿಕ್ಕುಗಳಿಗಿದೆ. ಶಾಫ್ಟಿನ ಮೇಲೆ ಗೀರು ಬೀಳುವುದು ಅಲ್ಲಿಯೇ. ಸೀಲಿನ ಲೋಹದ ಮೈಗೆ ಎದುರುಬದುರಾಗಿ ಎರಡು ಸಣ್ಣ ರಂಧ್ರ ಮಾಡಿ, ಸ್ಕ್ರೂ ತಿರುಗಿಸಿ, ಇಕ್ಕಳದಿಂದ ಎರಡೂ ಕಡೆ ಸಮನಾಗಿ ಎಳೆದರೆ ಅದು ಸೊಟ್ಟಗಾಗದೆ ಹೊರಬರುತ್ತದೆ. ಬಳಿಕ ಶಾಫ್ಟನ್ನು ಬಟ್ಟೆಯಿಂದ ಒರೆಸಿ, ತುಟಿ ಉಜ್ಜುತ್ತಿದ್ದ ಪಟ್ಟಿಯ ಮೇಲೆ ಬೆರಳ ಉಗುರನ್ನು ಅಡ್ಡಲಾಗಿ ಎಳೆಯಿರಿ. ಹೊಳಪಿನ ಗೆರೆ ಮಾತ್ರ ಕಂಡು ಉಗುರು ಸಿಕ್ಕಿಕೊಳ್ಳದಿದ್ದರೆ ಚಿಂತೆಯಿಲ್ಲ. ಬಹಳ ನುಣುಪಾದ ಎಮರಿ ಪೇಪರನ್ನು ಶಾಫ್ಟಿನ ಸುತ್ತಿಗೇ ಹೊಂದಿಕೊಂಡು ಲಘುವಾಗಿ ಆಡಿಸಿದರೆ ಸಾಕು. ಉದ್ದಕ್ಕೆ ಉಜ್ಜಿದರೆ ಬೀಳುವ ಓರೆ ಗೀರುಗಳು, ಶಾಫ್ಟು ತಿರುಗುವಾಗ ಸ್ಕ್ರೂವಿನ ಎಳೆಯಂತೆ ಕೆಲಸ ಮಾಡಿ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತವೆ. ಉಜ್ಜುವಾಗ ಏಳುವ ಪುಡಿ ಬೇರಿಂಗಿಗೆ ಹೋಗದಂತೆ ಒಳಸಂದಿಗೆ ಬಟ್ಟೆ ತುರುಕಿರಬೇಕು, ಆಮೇಲೆ ಅದನ್ನು ಮರೆಯದೆ ತೆಗೆಯಬೇಕು. ಉಗುರು ಸಿಕ್ಕಿಕೊಂಡರೆ ಏನು ಮಾಡಬೇಕೆಂಬುದನ್ನು ಮುಂದಿನ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ಹೇಳಿದ್ದೇನೆ.

ಫ್ಲೈವೀಲ್ ಹೊರಗಿರುವಾಗಲೇ ಅದರ ಸುತ್ತಲಿನ ಸಣ್ಣ ಕೆಲಸಗಳೂ ಮುಗಿಯಲಿ. ಬ್ಲಾಕಿನ ಹಿಂಬದಿಯ ಕೋರ್ ಪ್ಲಗ್ಗುಗಳು (ನೀರಿನ ದಾರಿಯ ರಂಧ್ರ ಮುಚ್ಚುವ ಬಿರಡೆಗಳು) ತುಕ್ಕು ಹಿಡಿದಿದ್ದರೆ ಬದಲಿಸಿ, ಏಕೆಂದರೆ ಅವು ತೂತಾದ ದಿನ ಮತ್ತೆ ಗೇರ್ ಬಾಕ್ಸ್ ಇಳಿಸಬೇಕಾಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಫ್ಲೈವೀಲ್ ಬೋಲ್ಟಿನ ರಂಧ್ರಗಳು ನೇರವಾಗಿ ಕ್ರ್ಯಾಂಕ್ ಕೇಸಿನೊಳಕ್ಕೆ ತೆರೆದಿರುತ್ತವೆ. ಅಂಥಲ್ಲಿ ಬೋಲ್ಟಿನ ಎಳೆಗೆ ಸೀಲಂಟ್ ಹಚ್ಚದಿದ್ದರೆ ಎಣ್ಣೆ ಎಳೆಯ ಜಾಡು ಹಿಡಿದು ಬರುತ್ತದೆ, ಬೈಗುಳ ಮಾತ್ರ ಸೀಲಿಗೆ ಬೀಳುತ್ತದೆ. ಬೋಲ್ಟುಗಳನ್ನು ಒಮ್ಮೆ ಮಾತ್ರ ಬಳಸಬೇಕೆಂದು ಕೈಪಿಡಿ ಹೇಳಿದ್ದರೆ ಹೊಸವನ್ನೇ ಹಾಕಿ. ಶಾಫ್ಟಿನ ತುದಿಯಲ್ಲಿ ಗೇರ್ ಬಾಕ್ಸ್ ಶಾಫ್ಟಿನ ಮೊನೆಯನ್ನು ಹಿಡಿಯುವ ಸ್ಪಿಗಾಟ್ ಬೇರಿಂಗ್ ಮತ್ತು ಗೇರ್ ಬಾಕ್ಸಿನ ಇನ್‌ಪುಟ್ ಸೀಲು ಇದೇ ಸರದಿಯಲ್ಲಿ ಹೊಸದಾಗಲಿ. ಎಣ್ಣೆ ಕುಡಿದ ಕ್ಲಚ್ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ಕಾಲಹರಣ. ಬಿಸಿಯಾದೊಡನೆ ಲೈನಿಂಗಿನೊಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ.

ಮುಂಭಾಗದ ಕ್ರ್ಯಾಂಕ್ ಸೀಲಿಗೂ ಇದೇ ಕ್ರಮ, ಆದರೆ ಅಲ್ಲಿ ತುಟಿ ಉಜ್ಜುವುದು ಸಾಮಾನ್ಯವಾಗಿ ಪುಲ್ಲಿಯ ಹಬ್ಬಿನ ಮೇಲೆ. ಆದ್ದರಿಂದ ಉಗುರಿನ ಪರೀಕ್ಷೆಯನ್ನು ಹಬ್ಬಿಗೆ ಮಾಡಿ, ಜೊತೆಗೆ ಡ್ಯಾಂಪರಿನ ರಬ್ಬರು ಬಿರಿದಿದೆಯೇ ಎಂದೂ ನೋಡಿ. ಸಂಪಿನ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯ) ಗ್ಯಾಸ್ಕೆಟ್ ಈಗಲೇ ಬದಲಾಗಬೇಕು, ಏಕೆಂದರೆ ಲಾರಿಯಲ್ಲಿ ಆ್ಯಕ್ಸಲು ಮತ್ತು ಕ್ರಾಸ್ ಮೆಂಬರು ಅಡ್ಡ ಬಂದು ಸಂಪನ್ನು ಇಳಿಸುವುದು ಹಲವು ಮಾದರಿಗಳಲ್ಲಿ ಕಷ್ಟ. ತಗಡಿನ ಸಂಪಾದರೆ ಹಿಂದೆ ಯಾರೋ ಅತಿಯಾಗಿ ಬಿಗಿದು ಬೋಲ್ಟಿನ ರಂಧ್ರಗಳ ಸುತ್ತ ಉಬ್ಬು ಎಬ್ಬಿಸಿರುತ್ತಾರೆ. ಮರದ ತುಂಡಿನ ಮೇಲಿಟ್ಟು ಆ ಅಂಚನ್ನು ಸುತ್ತಿಗೆಯಿಂದ ಸಮಮಾಡಿದ ಮೇಲೆಯೇ ಹೊಸ ಗ್ಯಾಸ್ಕೆಟ್ ಕೂರಿಸಬೇಕು. ಟ್ಯಾಪೆಟ್ ಕವರ್, ಥರ್ಮೋಸ್ಟ್ಯಾಟ್, ಡಿಪ್‌ಸ್ಟಿಕ್ ಕೊಳವೆ, ಫಿಲ್ಟರ್ ಹೆಡ್ ಇವುಗಳ ಗ್ಯಾಸ್ಕೆಟ್ಟುಗಳು ಯಾವಾಗ ಬೇಕಾದರೂ ಕೈಗೆ ಸಿಗುತ್ತವೆ. ಆಯಿಲ್ ಕೂಲರಿನ ಓ-ರಿಂಗುಗಳನ್ನು ಮಾತ್ರ ನಾನು ಬಿಡುವುದಿಲ್ಲ, ಏಕೆಂದರೆ ಅವು ಸೋತರೆ ಎಣ್ಣೆ ನೀರಿಗೂ ಸೇರಬಹುದು.

ಇನ್ನು ಹೆಡ್ಡಿನ ವಿಚಾರ. ಹಳೆಯ ಗ್ಯಾಸ್ಕೆಟ್ ಹೆಡ್ಡಿಗೂ ಬ್ಲಾಕಿಗೂ ಹೊಂದಿಕೊಂಡು ಒತ್ತಿ ಕುಳಿತಿರುತ್ತದೆ. ಅದನ್ನು ಒಮ್ಮೆ ಎಬ್ಬಿಸಿದಿರೆಂದರೆ ಎರಡೂ ಮುಖಗಳ ಸಮತಲವನ್ನು ಪರೀಕ್ಷಿಸಬೇಕು, ಲೈನರುಗಳು (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆಗಳು) ಬ್ಲಾಕಿನಿಂದ ಎಷ್ಟು ಮೇಲೆದ್ದಿವೆ ಎಂದು ಅಳೆಯಬೇಕು, ಬೋಲ್ಟುಗಳನ್ನು ನೋಡಬೇಕು. ಸೀಲು ಬದಲಿಸಲು ಹೊರಟವರು ಅರ್ಧ ಓವರ್‌ಹಾಲಿಗೆ ಇಳಿದಂತಾಗುತ್ತದೆ. ಅದಕ್ಕೆ ಬದಲು ಸಂಪು ತೆರೆದಿರುವಾಗಲೇ ಒಂದು ಪರೀಕ್ಷೆ ಮಾಡಿ. ಎಂಜಿನ್ನಿನ ನೀರಿನ ದಾರಿಗಳನ್ನು ಮುಚ್ಚಿ, ನೀರು ತುಂಬಿ, ರೇಡಿಯೇಟರ್ ಮುಚ್ಚಳದ ಮೇಲೆ ನಮೂದಿಸಿರುವಷ್ಟೇ ಒತ್ತಡ ಕೊಟ್ಟು ರಾತ್ರಿಯಿಡೀ ಬಿಡಿ; ಕೆಳಗೆ ಒಣ ರಟ್ಟು ಹಾಸಿ. ಬೆಳಗ್ಗೆ ರಟ್ಟಿನ ಮೇಲೆ ನೀರಿನ ಕಲೆ ಇದ್ದರೆ, ಕಲೆ ಯಾವ ಸಿಲಿಂಡರಿನ ಕೆಳಗಿದೆ ಎಂಬುದೇ ಮುಂದಿನ ದಾರಿ ತೋರಿಸುತ್ತದೆ. ಲೈನರಿನ ಹೊರಮೈ ಹಿಡಿದು ನೀರು ಇಳಿದಿದ್ದರೆ ಲೈನರಿನ ತಳದ ಓ-ರಿಂಗುಗಳು ಮುಗಿದಿವೆ. ಲೈನರಿನ ಒಳಗಿನಿಂದ, ಪಿಸ್ಟನ್ನಿನ ಪಕ್ಕದಲ್ಲಿ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್, ಬಿರಿದ ಹೆಡ್ ಅಥವಾ ತೂತು ಬಿದ್ದ ಲೈನರ್ ಎಂದು ತಿಳಿಯಬೇಕು. ಹೆಡ್ ಬಿಚ್ಚುವುದಕ್ಕೆ ಇದು ತಕ್ಕ ಕಾರಣ. ರಟ್ಟು ಒಣಗಿದ್ದರೆ, ಎಣ್ಣೆ ಹಾಲಿನಂತೆ ಬಿಳಿಚಿಕೊಂಡಿರದಿದ್ದರೆ, ಎಲ್ಲ ಸಿಲಿಂಡರುಗಳ ಕಂಪ್ರೆಷನ್ನೂ ಹೆಚ್ಚುಕಡಿಮೆ ಸಮನಾಗಿದ್ದರೆ ಹೆಡ್ಡನ್ನು ಅದರ ಪಾಡಿಗೆ ಬಿಡಿ.

ಪ್ರಶ್ನೆ: ಬಳಸಿದ ಎಂಜಿನ್ ಕೂರಿಸುವಾಗ ಹಿಂದಿನ ಕ್ರ್ಯಾಂಕ್ ಸೀಲನ್ನು ಹೊಸದಾಗಿಯೇ ಹಾಕಿಸಿದ್ದೆ. ಸ್ವಲ್ಪ ಓಡಿದೊಡನೆಯೇ ಬೆಲ್ ಹೌಸಿಂಗಿನ (ಫ್ಲೈವೀಲ್ ಮತ್ತು ಕ್ಲಚ್ಚನ್ನು ಮುಚ್ಚುವ ಗೂಡಿನ) ತಳದಿಂದ ಎಣ್ಣೆ ತೊಟ್ಟಿಕ್ಕತೊಡಗಿತು. ಸೀಲೇ ನಕಲಿ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಹಾಗಿರಬಹುದೇ?

ಉತ್ತರ: ಇರಬಹುದು, ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ಗೇರ್ ಬಾಕ್ಸನ್ನು ಇಳಿಸದೆಯೇ ನೋಡಬಹುದಾದ ಒಂದು ಅಂಶವಿದೆ. ಅದು ಬ್ರೀದರ್. ಪಿಸ್ಟನ್ ರಿಂಗುಗಳನ್ನು ದಾಟಿ ಬರುವ ಅನಿಲ ಕ್ರ್ಯಾಂಕ್ ಕೇಸಿನಿಂದ ಹೊರಹೋಗುವ ದಾರಿ ಕಟ್ಟಿಕೊಂಡಿದ್ದರೆ ಒಳಗೆ ಒತ್ತಡ ಏರಿ, ಅದು ಅತಿ ದುರ್ಬಲ ಜಾಗದಿಂದ ಎಣ್ಣೆಯನ್ನು ನೂಕುತ್ತದೆ. ನಿಂತಿದ್ದ ಎಂಜಿನ್ನಿನ ಬ್ರೀದರ್ ಕೊಳವೆಯಲ್ಲಿ ಗಟ್ಟಿಯಾದ ಎಣ್ಣೆಯ ಕೆಸರೋ, ಹುಳುಗಳು ಕಟ್ಟಿದ ಮಣ್ಣೋ ಇರುವುದು ಅಪರೂಪವಲ್ಲ. ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಎಣ್ಣೆ ಸುರಿಯುವ ಮುಚ್ಚಳವನ್ನು ಸಡಿಲಿಸಿ ಅದರ ಬಾಯಿಯ ಮೇಲೆ ಸುಮ್ಮನೆ ಇರಿಸಿ. ಅದು ಕುಣಿದು ಹಾರುವಷ್ಟು ಒತ್ತಡವಿದ್ದರೆ ಮೊದಲು ಬ್ರೀದರನ್ನು ಶುಚಿಗೊಳಿಸಿ. ಶುಚಿಗೊಳಿಸಿದ ಮೇಲೂ ಹಾಗೆಯೇ ಇದ್ದರೆ ಬಹುಮಟ್ಟಿಗೆ ರಿಂಗುಗಳೇ ಸವೆದಿರುತ್ತವೆ. ಆಗ ಸೀಲು ಅಸಲಿಯೋ ನಕಲಿಯೋ ಎಂಬ ಚರ್ಚೆಗೆ ಅರ್ಥವಿಲ್ಲ.

ಬ್ರೀದರ್ ಸರಿಯಿದ್ದರೆ ಗೇರ್ ಬಾಕ್ಸ್ ಇಳಿಸಲೇಬೇಕು. ಆಗ ಮೂರು ಸಂಗತಿಗಳನ್ನು ವಿಚಾರಿಸಿ. ಮೊದಲನೆಯದು ಶಾಫ್ಟಿನ ಮೇಲಿನ ತೋಡು. ಹಳೆಯ ಸೀಲಿನ ತುಟಿ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉಜ್ಜಿ ಉಕ್ಕಿನಲ್ಲಿಯೂ ಗೆರೆ ಕೊರೆದಿರುತ್ತದೆ; ಮೆತ್ತನೆಯ ರಬ್ಬರು ಉಕ್ಕನ್ನು ಸವೆಸುವುದು ಹೇಗೆಂದು ಕೇಳಿದರೆ, ತುಟಿಗೆ ಅಂಟಿಕೊಂಡ ಧೂಳು ಮತ್ತು ಮಸಿಯ ಕಣಗಳೇ ಅಲ್ಲಿ ಅರದ ಕೆಲಸ ಮಾಡುತ್ತವೆ. ಹೊಸ ಸೀಲಿನ ತುಟಿಯೂ ಅದೇ ತೋಡಿನಲ್ಲಿ ಕೂತರೆ ಹಿಡಿತ ಸಿಗದು. ಇದಕ್ಕೆಂದೇ ಸುಮಾರು 0.28 ಮಿ.ಮೀ. ದಪ್ಪದ ತುಕ್ಕು ಹಿಡಿಯದ ಉಕ್ಕಿನ ತೆಳು ತೋಳುಗಳು, ಅಂದರೆ ರಿಪೇರಿ ಸ್ಲೀವುಗಳು ಸಿಗುತ್ತವೆ. ಶಾಫ್ಟಿನ ಅಳತೆಗೆ ಸರಿಹೊಂದುವ ಸ್ಲೀವನ್ನು ತೊಡಿಸಿದರೆ ತೋಡು ಮುಚ್ಚಿಹೋಗುತ್ತದೆ, ಅಷ್ಟು ತೆಳುವಾದ್ದರಿಂದ ಸೀಲಿನ ಅಳತೆಯನ್ನು ಬದಲಿಸಬೇಕಾಗಿಲ್ಲ. ಕೆಲವು ತಯಾರಕರು ಸ್ಲೀವು ಮತ್ತು ಸೀಲನ್ನು ಜೋಡಿಯಾಗಿಯೇ ಕೊಡುತ್ತಾರೆ. ಆಗ ಆ ಜೋಡಿಯನ್ನೇ ಬಳಸಬೇಕು. ಸ್ಲೀವು ಸಿಗದಿದ್ದಲ್ಲಿ, ಸೀಲು ಕೂರುವ ಗೂಡು ಸಾಕಷ್ಟು ಆಳವಿದ್ದರೆ, ಸೀಲನ್ನು ಒಂದೆರಡು ಮಿ.ಮೀ. ಹಿಂದೆಮುಂದೆ ಕೂರಿಸಿ ತುಟಿ ಸವೆಯದ ಜಾಗಕ್ಕೆ ತಾಗುವಂತೆ ಮಾಡಬಹುದು. ಎಣ್ಣೆ ಹಿಂದಿರುಗುವ ರಂಧ್ರವನ್ನು ಮಾತ್ರ ಸೀಲು ಮುಚ್ಚಬಾರದು.

ಎರಡನೆಯದು ಸೀಲಿನ ಜಾತಿ. ನೈಟ್ರೈಲ್ ರಬ್ಬರಿನ ಸಾಮಾನ್ಯ ಸೀಲು ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಬಹುಕಾಲ ಬಾಳುತ್ತದೆ. ಫ್ಲೋರೋ ರಬ್ಬರು ಸುಮಾರು 200 ಡಿಗ್ರಿವರೆಗೂ ತಾಳುತ್ತದೆ. ತಯಾರಕರು ಫ್ಲೋರೋ ರಬ್ಬರಿನ ಸೀಲನ್ನು ಸೂಚಿಸಿದ ಜಾಗಕ್ಕೆ ಅಳತೆ ಒಂದೇ ಎಂದು ಅಗ್ಗದ ನೈಟ್ರೈಲನ್ನು ಹಾಕಿದರೆ ಅದು ಬೇಗ ಗಟ್ಟಿಯಾಗಿ ಬಿರಿಯುತ್ತದೆ. ಈ ಎರಡೂ ಜಾತಿಗಳಲ್ಲಿ ತುಟಿಗೆ ಎಂಜಿನ್ ಎಣ್ಣೆ ಸವರಿಯೇ ಕೂರಿಸಬೇಕು, ಸ್ಪ್ರಿಂಗು ಕಾಣುವ ಮುಖ ಎಣ್ಣೆಯ ಕಡೆಗಿರಬೇಕು. ಆದರೆ ಈಚಿನ ಅನೇಕ ಟ್ರಕ್ ಎಂಜಿನ್ನುಗಳಲ್ಲಿ ಹಿಂದಿನ ಸೀಲು ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಜಾತಿಯದು. ಅದರಲ್ಲಿ ಸ್ಪ್ರಿಂಗ್ ಇರುವುದಿಲ್ಲ. ತುಟಿ ತೆಳುವಾಗಿ, ಅಗಲವಾಗಿ ಇರುತ್ತದೆ, ಪ್ಲಾಸ್ಟಿಕ್ ಬಳೆಯೊಂದು ಅದನ್ನು ಅರಳಿಸಿ ಹಿಡಿದಿರುತ್ತದೆ. ಇದಕ್ಕೆ ಎಣ್ಣೆ ಹಚ್ಚಕೂಡದು. ಒಣ ಶಾಫ್ಟಿನ ಮೇಲೆ ಒಣಗಿದಂತೆಯೇ ಕೂರಿಸಿದರೆ ಮೊದಲ ಕೆಲವು ಸುತ್ತುಗಳಲ್ಲಿ ತುಟಿಯ ತೆಳುಪದರ ಶಾಫ್ಟಿಗೆ ಅಂಟಿಕೊಂಡು, ಅದರ ಮೇಲೆ ತುಟಿ ಜಾರತೊಡಗುತ್ತದೆ. ನಡುವೆ ಎಣ್ಣೆ ಬಂದರೆ ಆ ಪದರ ಕಟ್ಟುವುದೇ ಇಲ್ಲ. ಪ್ಲಾಸ್ಟಿಕ್ ಬಳೆಯನ್ನು ಮೊದಲೇ ತೆಗೆದಿಟ್ಟರೆ ತುಟಿ ಕುಗ್ಗಿ ಶಾಫ್ಟಿಗೆ ಏರುವಾಗ ಮಡಚಿಕೊಳ್ಳುತ್ತದೆ. ಕೂರಿಸಿದ ಮೇಲೆ ತುಟಿ ಶಾಫ್ಟಿಗೆ ಒತ್ತಿಕೊಳ್ಳಲು ಕೆಲವು ಗಂಟೆ ಬಿಟ್ಟು ಎಂಜಿನ್ ತಿರುಗಿಸಬೇಕೆಂದು ತಯಾರಕರು ಸೂಚಿಸಿರುತ್ತಾರೆ. ಎಲ್ಲ ಸೀಲಿಗೂ ಎಣ್ಣೆ ಸವರಿ ಹಾಕುವ ಕೈ ರೂಢಿಯಿಂದಲೇ ಇಲ್ಲೂ ಸವರಿರುತ್ತದೆ. ನಿಮ್ಮ ಮೆಕ್ಯಾನಿಕ್ಕಿಗೆ ಇದನ್ನು ಕೇಳಿದರೆ ಅರ್ಧ ಒಗಟು ಬಿಡಿಸಿದಂತೆ ಎಂದು ನನ್ನ ಊಹೆ.

ಮೂರನೆಯದು ಸೀಲು ಕೂತ ಬಗೆ. ಸುತ್ತಿಗೆಯಿಂದ ಒಂದೊಂದೇ ಮೂಲೆಯನ್ನು ಬಡಿದರೆ ಸೀಲು ಓರೆಯಾಗುತ್ತದೆ. ಸೀಲಿನ ಹೊರ ಅಂಚಿಗೆ ಸಮನಾದ ಚಪ್ಪಟೆ ಬಳೆಯನ್ನು ಇಟ್ಟು, ಎದುರುಬದುರು ಬೋಲ್ಟುಗಳಿಂದ ಸ್ವಲ್ಪ ಸ್ವಲ್ಪವಾಗಿ ಒತ್ತಿ, ಕೊನೆಗೆ ನಾಲ್ಕು ಕಡೆ ಆಳವನ್ನು ಅಳೆದು ಸಮನಿದೆಯೇ ನೋಡಬೇಕು. ಸೀಲಿನ ಗೂಡು ಬ್ಲಾಕಿಗೆ ಬೋಲ್ಟಿನಿಂದ ಸೇರುವ ಬೇರೆ ಭಾಗವಾಗಿದ್ದರೆ ಅದು ಶಾಫ್ಟಿನ ನಡುವಿಗೆ ಸರಿಯಾಗಿ ಬಂದಿದೆಯೇ ಎಂದು ಡಯಲ್ ಗೇಜಿನಿಂದ ಪರೀಕ್ಷಿಸಿಯೇ ಬಿಗಿಯಬೇಕು.

ಪ್ರಶ್ನೆ: ಗ್ಯಾಸ್ಕೆಟ್ ಹಾಕುವಲ್ಲೆಲ್ಲ ಸಿಲಿಕೋನ್ ಪೇಸ್ಟನ್ನೂ ಧಾರಾಳವಾಗಿ ಹಚ್ಚಿದರೆ ಸೋರಿಕೆ ಖಂಡಿತ ನಿಲ್ಲುತ್ತದೆ ಎಂಬುದು ನಿಜವೇ?

ಉತ್ತರ: ಧಾರಾಳವೇ ಇಲ್ಲಿ ಅಪಾಯ. ಎರಡು ಲೋಹಗಳ ನಡುವಿನಿಂದ ಒಳಕ್ಕೆ ಹಿಂಡಿ ಬಂದ ಸಿಲಿಕೋನ್ ಗಟ್ಟಿಯಾದ ಮೇಲೆ ದಾರದಂತೆ ಕಿತ್ತುಬಂದು, ಸಂಪಿನಲ್ಲಿ ತೇಲಿ, ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಎಣ್ಣೆಯ ಒತ್ತಡ ಇಳಿದು ಬೇರಿಂಗು ಸುಟ್ಟರೆ ಯಾರೂ ಪೇಸ್ಟನ್ನು ನೆನೆಯುವುದಿಲ್ಲ. ತಯಾರಕರು ಗ್ಯಾಸ್ಕೆಟ್ ಮಾತ್ರ ಸೂಚಿಸಿದಲ್ಲಿ ಗ್ಯಾಸ್ಕೆಟ್ ಮಾತ್ರ ಸಾಕು. ಮೂರು ಭಾಗಗಳು ಕೂಡುವ ಮೂಲೆಗಳಲ್ಲಿ, ಉದಾಹರಣೆಗೆ ಟೈಮಿಂಗ್ ಕವರು ಮತ್ತು ಬ್ಲಾಕು ಸಂಪಿನ ಮೇಲೆ ಸೇರುವಲ್ಲಿ, ಸಣ್ಣ ಚುಕ್ಕೆಯಷ್ಟು ಹಚ್ಚುವುದು ಸರಿ. ಪೇಸ್ಟನ್ನೇ ಸೂಚಿಸಿರುವ ಸಂಪಿಗೆ ಸುಮಾರು 2ರಿಂದ 3 ಮಿ.ಮೀ. ದಪ್ಪದ ಒಂದೇ ಎಳೆಯನ್ನು, ಬೋಲ್ಟಿನ ರಂಧ್ರಗಳ ಒಳಬದಿಯಲ್ಲಿ ಎಲ್ಲೂ ತುಂಡಾಗದಂತೆ ಎಳೆದು, ಮೇಲೆ ಕೆನೆ ಕಟ್ಟುವ ಮೊದಲೇ ಜೋಡಿಸಬೇಕು. ಎರಡೂ ಮುಖಗಳು ಎಣ್ಣೆಯ ಜಿಡ್ಡಿಲ್ಲದೆ ಒಣಗಿರಬೇಕೆಂಬುದು ಪೇಸ್ಟಿಗಿಂತ ಮುಖ್ಯ. ಹಳೆಯ ಪದರವನ್ನು ಕೆರೆಯಲು ತಿರುಗುವ ಅಪಘರ್ಷಕ ಚಕ್ರವನ್ನು ಅಲ್ಯೂಮಿನಿಯಮ್ ಭಾಗಗಳ ಮೇಲೆ ಬಳಸಬೇಡಿ. ಅದು ಮುಖವನ್ನು ಹಳ್ಳ ಮಾಡುತ್ತದೆ, ಅದರ ಪುಡಿ ಎಣ್ಣೆಯ ದಾರಿಗೆ ಬೀಳುತ್ತದೆ.

ಪ್ರಶ್ನೆ: ಕೂರಿಸಿದ ಎಂಜಿನ್ನಿನ ಟರ್ಬೋದಿಂದ ಎಣ್ಣೆ ಬರುತ್ತಿದೆ. ಟರ್ಬೋದ ಸೀಲುಗಳನ್ನು ಬದಲಿಸಿದರೆ ಸಾಕೇ?

ಉತ್ತರ: ಟರ್ಬೋದ ಶಾಫ್ಟಿನಲ್ಲಿ ಇರುವುದು ರಬ್ಬರಿನ ಸೀಲಲ್ಲ, ಪಿಸ್ಟನ್ ರಿಂಗಿನಂಥ ಲೋಹದ ಸಣ್ಣ ಬಳೆಗಳು. ಬೇರಿಂಗಿನ ಗೂಡಿನಿಂದ ಎಣ್ಣೆ ತನ್ನ ಭಾರದಿಂದಲೇ ಸರಾಗವಾಗಿ ಕೆಳಗಿಳಿಯುತ್ತಿದ್ದರೆ ಮಾತ್ರ ಅವು ಎಣ್ಣೆಯನ್ನು ತಡೆಯಬಲ್ಲವು. ಆದ್ದರಿಂದ ಮೊದಲು ಎಣ್ಣೆ ಸಂಪಿಗೆ ಹಿಂದಿರುಗುವ ಕೊಳವೆಯನ್ನು ಬಿಚ್ಚಿ ನೋಡಿ. ಅದರಲ್ಲಿ ಇದ್ದಿಲಾದ ಎಣ್ಣೆ ಕಟ್ಟಿರಬಹುದು, ಎಂಜಿನ್ ಕೂರಿಸುವಾಗ ಕೊಳವೆ ನುಗ್ಗಾಗಿರಬಹುದು, ಗ್ಯಾಸ್ಕೆಟ್ ತಿರುಗಾಮುರುಗಾ ಕೂತು ರಂಧ್ರವನ್ನು ಅರ್ಧ ಮುಚ್ಚಿರಬಹುದು. ಅಲ್ಲಿನ ಫ್ಲ್ಯಾಂಜಿಗೆ ಸಿಲಿಕೋನ್ ಹಚ್ಚಿದ್ದರೆ ತೆಗೆಸಿ. ಎಣ್ಣೆ ಕಂಪ್ರೆಸರಿನ ಕಡೆ ಮಾತ್ರ ಬರುತ್ತಿದ್ದರೆ ಏರ್ ಫಿಲ್ಟರ್ ಕಟ್ಟಿರುವ ಸಾಧ್ಯತೆಯಿದೆ. ಉಸಿರುಗಟ್ಟಿದ ಟರ್ಬೋ ಎಣ್ಣೆಯನ್ನು ತನ್ನತ್ತ ಹೀರಿಕೊಳ್ಳುತ್ತದೆ. ಬ್ರೀದರ್ ಕಟ್ಟಿದ್ದರೂ ಇದೇ ಲಕ್ಷಣ. ಇವೆಲ್ಲ ಸರಿಯಿದ್ದು, ಶಾಫ್ಟನ್ನು ಬೆರಳಿನಿಂದ ಆಡಿಸಿದಾಗ ಚಕ್ರದ ಅಂಚು ಗೂಡಿಗೆ ತಾಗಿದರೆ ಆಗ ಟರ್ಬೋ ರಿಪೇರಿಗೆ ಹೋಗಬೇಕು.

ಪ್ರಶ್ನೆ: ಎಲ್ಲ ಸೀಲು ಬದಲಿಸಿ ಕೂರಿಸಿದ ಎಂಜಿನ್ನಿನಲ್ಲಿ ಎಣ್ಣೆ ಕಡಿಮೆಯಾಗುವ ಬದಲು ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರುತ್ತಿದೆ. ನೀರು ಕಡಿಮೆಯಾಗಿಲ್ಲ. ಇದೇನು?

ಉತ್ತರ: ನೀರು ಹಾಗೆಯೇ ಇದ್ದು ಎಣ್ಣೆ ಏರುತ್ತಿದೆ ಎಂದರೆ ಸೇರುತ್ತಿರುವುದು ಬಹುಮಟ್ಟಿಗೆ ಡೀಸೆಲ್. ಡಿಪ್‌ಸ್ಟಿಕ್ಕಿನ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ, ಮೂಸಿ ನೋಡಿ. ತೆಳುವಾಗಿದ್ದು ಡೀಸೆಲ್ ವಾಸನೆ ಬಂದರೆ ಸಂಶಯವಿಲ್ಲ. ಟೈಮಿಂಗ್ ಗೇರಿನಿಂದ ತಿರುಗುವ ಇಂಜೆಕ್ಷನ್ ಪಂಪಿನ ಶಾಫ್ಟ್ ಸೀಲು ಸವೆದರೆ, ಅಥವಾ ಫೀಡ್ ಪಂಪಿನ ಸೀಲೋ ಪೊರೆಯೋ ಹರಿದರೆ, ಡೀಸೆಲ್ ಹೊರಗೆ ಒಂದು ಹನಿಯೂ ಕಾಣದಂತೆ ನೇರವಾಗಿ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ಎಂಜಿನ್ನಿನ ಗ್ಯಾಸ್ಕೆಟ್ ಕಿಟ್ಟಿನಲ್ಲಿ ಈ ಸೀಲುಗಳು ಸಾಮಾನ್ಯವಾಗಿ ಇರುವುದಿಲ್ಲ, ಆದ್ದರಿಂದಲೇ ‘ಎಲ್ಲ ಸೀಲು ಬದಲಿಸಿದೆ’ ಎನ್ನುವವರ ಪಟ್ಟಿಯಿಂದ ಇವು ತಪ್ಪಿಹೋಗುತ್ತವೆ. ಇಂಜೆಕ್ಟರುಗಳು ಟ್ಯಾಪೆಟ್ ಕವರಿನ ಒಳಗೇ ಇರುವ ಎಂಜಿನ್ನಾದರೆ ಅವುಗಳ ಓ-ರಿಂಗುಗಳನ್ನೂ ವಾಪಸು ಕೊಳವೆಯ ತಾಮ್ರದ ವಾಷರುಗಳನ್ನೂ ಪರೀಕ್ಷಿಸಿ. ಡೀಸೆಲ್ ಬೆರೆತ ಎಣ್ಣೆಗೆ ಬೇರಿಂಗನ್ನು ಎತ್ತಿಹಿಡಿಯುವ ಶಕ್ತಿ ಇರುವುದಿಲ್ಲ, ಮಟ್ಟ ಅತಿಯಾದರೆ ಎಂಜಿನ್ ಅದನ್ನೇ ಉರಿಸಿಕೊಂಡು ಹತೋಟಿ ಮೀರಿ ಓಡುವ ಅಪಾಯವೂ ಇದೆ. ದೋಷ ಪತ್ತೆಯಾಗಿ, ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸುವವರೆಗೆ ಎಂಜಿನ್ನನ್ನು ಚಾಲೂ ಮಾಡಬೇಡಿ.